ಚಾದರದ ಮೂರನೇ ಮಡಿಕೆ

ಅವತ್ತು ಮಂಗಳವಾರ. ಎಲ್ಲ ದಿನದಂತೆಯೇ ಇತ್ತು. ನಾನೂ ನನ್ನ ಗಂಡನೂ ಲಾಂಡ್ರಿಯಲ್ಲಿ ಸಂಜೆಯವರೆಗೆ ಚಾದರ ಮಡಿಸಿದೆವು. ಹೋಟೆಲಿನ ಚಾದರ ದೊಡ್ಡದು, ಒಬ್ಬರ ಕೈಗೆ ಬಗ್ಗುವುದಿಲ್ಲ. ಆ ತುದಿ ಅವನು, ಈ ತುದಿ ನಾನು. ಕೊಡವಿ, ನಡೆದು ಬಂದು, ಮೂಲೆಗೆ ಮೂಲೆ ಕೂಡಿಸಬೇಕು. ಹಿಂದೆ ಸರಿದು ಮತ್ತೆ ಬರಬೇಕು. ಒಂದು ಚಾದರಕ್ಕೆ ಮೂರು ಸಲ ಎದುರಾಗುತ್ತೇವೆ. ಯಂತ್ರಗಳ ಗದ್ದಲದಲ್ಲಿ ದೂರದ ಮಾತು ಕೇಳುವುದಿಲ್ಲ. ಏನಿದ್ದರೂ ಮೂಲೆ ಕೂಡಿಸುವಾಗಲೇ ಆಡಬೇಕು.

ಅವನು ಆಡುತ್ತಿದ್ದದ್ದು ಮೂರೇ ಮಾತು. ಮೂರೂ ರಷ್ಯನ್. ಮೊದಲ ಮಡಿಕೆಗೆ "ಪ್ರಿವೆತ್, ಕ್ರಸಾವಿತ್ಸಾ." ನಮಸ್ಕಾರ ಚೆಲುವೆ ಅಂತ. ಎರಡನೆಯದಕ್ಕೆ "ತೀ ಮಯೋ ಸೋಲ್ನಿಷ್ಕ." ನೀನು ನನ್ನ ಪುಟ್ಟ ಸೂರ್ಯ ಅಂತ. ಮೂರನೆಯದಕ್ಕೆ ಮುಖ ಗೇಣು ದೂರದಲ್ಲಿರುತ್ತದೆ. ಆಗ "ಪತ್ಸೆಲೂಯ್ ಮಿನ್ಯಾ." ಮುತ್ತು ಕೊಡು ಅಂತ.

ನಾನು "ಪತೋಮ್" ಅನ್ನುತ್ತಿದ್ದೆ. ಆಮೇಲೆ ಅಂತ. ನನಗೆ ಬರುತ್ತಿದ್ದ ರಷ್ಯನ್ ಅದೊಂದೇ. ಅದೊಂದರಲ್ಲೇ ಮೂವತ್ತೊಂದು ವರ್ಷ ಕಳೆದೆ.

ಮದುವೆಗೆ ಮುಂಚೆ ನಮ್ಮನ್ನು ಚಾದರಕ್ಕೆ ಜೋಡಿ ಹಾಕಿದ್ದು ಲಾಂಡ್ರಿಯ ಮೇಸ್ತ್ರಿ. ಆರು ತಿಂಗಳು ಇವನ ಬಾಯಿಗೆ ಬೀಗ. ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಬಾಯ್ಲರಿನವನು ಮೊದಲು ಹಡಗಿನಲ್ಲಿದ್ದವನು, ನಾಲ್ಕು ದೇಶದ ಮಾತು ಬಲ್ಲವನು. ಮನಸ್ಸಿನಲ್ಲಿದ್ದದ್ದನ್ನು ನಮ್ಮ ಮಾತಿನಲ್ಲಿ ಹೇಳಲು ನಾಚಿಕೊಂಡು ಇವನು ಅವನ ಹತ್ತಿರ ಹೋದ. ಬಾಯ್ಲರಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ಊಟದ ಬಿಡುವಿನಲ್ಲಿ ಉರು ಹೊಡೆದ.

ಮೊದಲ ಸಲ ಕೇಳಿದಾಗ ಬೈಗುಳ ಅಂದುಕೊಂಡೆ. ಒದ್ದೆ ಟವೆಲಿನಿಂದ ಬಾರಿಸಿ ಮೇಸ್ತ್ರಿಯ ಮುಂದೆ ನಿಲ್ಲಿಸಿದೆ. ಬಾಯ್ಲರಿನವನನ್ನು ಕರೆಸಿದರು. ಅವನು ನಲವತ್ತು ಜನರ ಎದುರು ಮೂರಕ್ಕೂ ಅರ್ಥ ಹೇಳಿದ. ಮೂರನೆಯದು ಬರುವ ಹೊತ್ತಿಗೆ ಇಸ್ತ್ರಿಯವರು ಇಸ್ತ್ರಿ ಎತ್ತಿಟ್ಟು ನಿಂತಿದ್ದರು.

"ಕೊಡೋದಾದ್ರೆ ಕೊಟ್ಬಿಡಮ್ಮ, ಚಾದರ ಕಾಯ್ತಾ ಇವೆ" ಅಂದ ಮೇಸ್ತ್ರಿ.

ನೆಲ ಬಿರಿಯಬಾರದೇ ಅನ್ನಿಸಿತು. ‘ಆಮೇಲೆ’ ಅನ್ನುವುದಕ್ಕೆ ರಷ್ಯನ್ನಿನಲ್ಲಿ ಏನನ್ನುತ್ತಾರೆ ಅಂತ ಬಾಯ್ಲರಿನವನನ್ನೇ ಕೇಳಿ, ಅದನ್ನು ಇವನ ಮುಖಕ್ಕೆ ಎಸೆದೆ. ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ. ಅವತ್ತಿನಿಂದ ಎಲ್ಲರಿಗೂ ಇವನು ರಷ್ಯಾದ ಅಳಿಯ. ನಮ್ಮಮ್ಮ, ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದಳು. ಆದರೂ ಮದುವೆಯಾದೆ.

ಮನೆಯಲ್ಲಿ ಕೊಡಲಿಲ್ಲವೇ ಅಂದರೆ, ಕೊಟ್ಟಿದ್ದೇನೆ. ಅವನು ಕೇಳುತ್ತಿದ್ದದ್ದು ಅಲ್ಲಿ, ಚಾದರ ಹಿಡಿದು, ಎಲ್ಲರ ಎದುರು. ಅದಕ್ಕೆ ನನಗೆ ನಾಚಿಕೆ ಬಿಡುತ್ತಿರಲಿಲ್ಲ.

ಆ ವಾರದ ಶುಕ್ರವಾರ ಅವನ ಕೆಲಸದ ಕೊನೆಯ ದಿನ. ಅವತ್ತು ಕೊಟ್ಟೇ ಬಿಡುವುದು ಅಂತ ಮೊದಲೇ ತೀರ್ಮಾನಿಸಿದ್ದೆ. ಬಾಯ್ಲರಿನವನು ಈಗ ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದಾನೆ. ಆ ಮಂಗಳವಾರಕ್ಕೆ ಎಂಟು ದಿನ ಮುಂಚೆ ಗುಟ್ಟಾಗಿ ಹೋಗಿ, ‘ಈಗಲೇ’ ಅನ್ನುವುದಕ್ಕೆ ಏನು ಅಂತ ಕೇಳಿದೆ. ಸಿಚಾಸ್ ಅಂತೆ.

"ಮೂವತ್ತೊಂದು ವರ್ಷ ಕಾಯಿಸಿದ್ದೀಯಲ್ಲಮ್ಮ, ಹೋಗಿ ಇವತ್ತೇ ಹೇಳು" ಅಂದ.

ಕೊನೆಯ ದಿನ, ಶುಕ್ರವಾರ ಅಂದೆ. ಎಂಟು ದಿನ ಇವನಿಗೆ ಕೇಳಿಸದಂತೆ ನಲ್ಲಿ ಬಿಟ್ಟುಕೊಂಡು, ಪಾತ್ರೆ ತಿಕ್ಕುತ್ತಾ ಹೇಳಿ ನೋಡಿದೆ.

ಆ ಮಂಗಳವಾರ ಕೊನೆಯ ಚಾದರದ ಮೂರನೇ ಮಡಿಕೆಗೆ ಅವನು ಕೇಳಿದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಪತೋಮ್ ಅಂದೆ.

"ಇನ್ನು ಮೂರೇ ದಿನ ಕಣೇ. ಆಮೇಲೆ ಯಾರಿಗೆ ಹೇಳ್ತೀಯ ಪತೋಮ್?" ಅಂದ.

ಬುಧವಾರ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಾ ಗೋಡೆಗೆ ಒರಗಿದ. ಒಂದು ಬೂಟು ಕಟ್ಟಿತ್ತು, ಇನ್ನೊಂದು ಕಟ್ಟಿರಲಿಲ್ಲ. ಹೃದಯ ಅಂದರು ಡಾಕ್ಟರು. ಆಸ್ಪತ್ರೆಯಲ್ಲಿ ಮುಖ ಮುಚ್ಚಿ ಚಾದರ ಹೊದಿಸಿದ್ದರು. ಮಡಿಕೆಯ ಗೆರೆ ಸೊಟ್ಟಗಿತ್ತು. ಚಾದರ ಸರಿಸಿ ಮುತ್ತು ಕೊಟ್ಟೆ. ಸಿಚಾಸ್ ಅಂದೆ. ಹಣೆ ಆಗಲೇ ತಣ್ಣಗಾಗಿತ್ತು.

ಬಾಯ್ಲರಿನವನು ಮಗಳ ಕೈ ಹಿಡಿದುಕೊಂಡು ಬಂದ. "ಹೇಳಿದ್ಯಾ?" ಅಂತ ಕೇಳಿದ. ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವನು ಅಲ್ಲೇ ಬೆಂಚಿನ ಮೇಲೆ ಕುಳಿತುಬಿಟ್ಟ.

ಲಾಂಡ್ರಿ ಬಿಟ್ಟೆ. ಬೇರೆಯವರ ಜೊತೆ ಮೂಲೆ ಕೂಡಿಸಲು ಕೈ ಏಳುವುದಿಲ್ಲ.

ಬೆಳಿಗ್ಗೆ ಎದ್ದು ಹಾಸಿಗೆಯ ಚಾದರ ತೆಗೆಯುತ್ತೇನೆ. ಅವನ ಕಡೆಯ ಎರಡು ಮೂಲೆಯನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸುತ್ತೇನೆ. ಈ ತುದಿ ಹಿಡಿದು ಮೂರು ಸಲ ಕಿಟಕಿಯವರೆಗೆ ನಡೆಯುತ್ತೇನೆ. ಅಂಚು ಕೂಡುವುದಿಲ್ಲ. ಬಿಚ್ಚಿ ಇನ್ನೊಮ್ಮೆ ಮಡಿಸುತ್ತೇನೆ.