ಫ್ರಿಜ್ಜಿನ ಬಾಗಿಲಲ್ಲಿದ್ದ ಪೆಪ್ಟೈಡ್

ನಮ್ಮ ಮನೆಯಲ್ಲಿ ಔಷಧಿಯನ್ನು ಯಾರೂ ಒಬ್ಬರೇ ತೆಗೆದುಕೊಳ್ಳುವುದಿಲ್ಲ. ಇದು ಅತ್ತೆ ವಿಜಯಪುರದಿಂದ ಕಟ್ಟಿಕೊಂಡು ಬಂದ ಪದ್ಧತಿ. ಒಬ್ಬರಿಗೆ ಡಾಕ್ಟರು ಕೆಮ್ಮಿನ ಔಷಧಿ ಬರೆದುಕೊಟ್ಟರೆ ಮನೆಮಂದಿಗೆಲ್ಲ ಒಂದೊಂದು ಚಮಚ. ನನ್ನ ಗಂಡನ ಬೆನ್ನಿಗೆಂದು ತಂದ ಮುಲಾಮು ಮರಾಠಿ ಸೀಮೆಯ ಕೋಥರೂಡದಲ್ಲಿ ನಾವಿರುವ ಅಪಾರ್ಟ್‌ಮೆಂಟ್ ಸೊಸೈಟಿಯ ವಾಚ್‌ಮನ್ನನ ಕುತ್ತಿಗೆಯವರೆಗೂ ಹೋಗಿದೆ. "ಗುಣ ಆಗೂವಂಥಾದ್ದನ್ನ ಬಚ್ಚಿಟ್ಟುಕೊಂಡು ತಿನ್ನಬಾರದು" ಎನ್ನುವುದು ಅತ್ತೆಯ ಮಾತು. ಇಂಥ ಮನೆಯ ಫ್ರಿಜ್ಜಿನಲ್ಲಿ ನಾನು ಪೆಪ್ಟೈಡ್ ತಂದಿಟ್ಟೆ.

ನಾನು ಓಡುವವಳು. ನಲವತ್ತು ದಾಟಿದ ಮೇಲೆ ಶುರು ಮಾಡಿದ್ದು. ನಮ್ಮ ಹೆಂಗಸರ ಗುಂಪು ಬೆಳಗ್ಗೆ ಟೇಕಡಿ, ಅಂದರೆ ಊರಂಚಿನ ಗುಡ್ಡ, ಹತ್ತುವಾಗ ಎಲ್ಲರಿಗಿಂತ ಮುಂದೆ ನಾನೇ ಇರಬೇಕು, ಇಲ್ಲದಿದ್ದರೆ ಅವತ್ತು ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿ. ಮಳೆಗಾಲದಲ್ಲಿ ಲೋಣಾವಳಾದ ಘಾಟಿನಲ್ಲಿ ಒಂದು ಓಟವಿತ್ತು. ಅದಕ್ಕಾಗಿ ಬೆಳಗ್ಗೆ ಓಡಿದೆ, ಸಂಜೆ ಜಿಮ್ಮಿಗೆ ಹೋದೆ, ಭಾನುವಾರ ಎರಡರಷ್ಟು ಓಡಿದೆ. ಆಮೇಲೆ ಒಂದು ದಿನ ಕಾಲುಗಳು ಕೈಕೊಟ್ಟವು. ನಿದ್ದೆ ಹೋಯಿತು, ಹಸಿವು ಹೋಯಿತು, ಹಾಸಿಗೆಯಲ್ಲಿ ಸುಮ್ಮನೆ ಮಲಗಿದ್ದರೂ ಎದೆ ಡವಡವ ಅನ್ನುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಅಳು ಬರುತ್ತಿತ್ತು. ಡಾಕ್ಟರು ಪರೀಕ್ಷೆ ಮಾಡಿಸಿ, "ಅತಿಯಾಗಿ ಓಡಿದ್ದೀರಿ, ಬೇರೇನೂ ಇಲ್ಲ. ಎರಡು ತಿಂಗಳು ಓಡಬೇಡಿ" ಎಂದರು. ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಬಾಗಿಲು ಧಡಾರನೆ ಎಳೆದುಕೊಂಡು ಹೊರಬಿದ್ದೆ. ಎರಡು ತಿಂಗಳು ಬಿಟ್ಟರೆ ಘಾಟಿನ ಓಟ ಹೋಯಿತು. ಓಟ ಬಿಟ್ಟುಹೋದರೆ ಮತ್ತೆ ಕೂಡುವುದಿಲ್ಲ, ಹಳೆಯ ನಾನೇ ಆಗಿಬಿಡುತ್ತೇನೆ ಎಂಬ ಹೆದರಿಕೆ ನನಗೆ.

ಜಿಮ್ಮಿನ ತರಬೇತುದಾರ ನನ್ನ ಗೋಳು ಕೇಳಿ ನಕ್ಕ. "ಮ್ಯಾಡಮ್, ರೆಸ್ಟ್ ಕಾಯ್ ಕರತಾ? ರಿಕವರಿ ಕರಾ!" ಎಂದ. ವಿಶ್ರಾಂತಿ ಯಾಕೆ, ಬೇಗ ಚೇತರಿಸಿಕೊಳ್ಳಿ ಎನ್ನುತ್ತಾ ಬೆರಳಿನಷ್ಟು ಗಾಜಿನ ಶೀಶೆ ಕೊಟ್ಟ. ಒಳಗೆ ಚಿಟಿಕೆ ಬಿಳಿ ಪುಡಿ. ಅದು ಪೆಪ್ಟೈಡ್ ಅಂತೆ, ಪ್ರೋಟೀನಿನ ಸಣ್ಣ ತುಣುಕಂತೆ. ದಣಿದ ಸ್ನಾಯುಗಳಿಗೆ "ಏಳಿ, ರಿಪೇರಿ ಶುರು ಮಾಡಿ" ಎಂದು ಹೇಳಿ ಬರುತ್ತದಂತೆ. ಇಂಜೆಕ್ಷನ್ನಿನ ನೀರಿನಲ್ಲಿ ಕರಗಿಸಿ, ಫ್ರಿಜ್ಜಿನಲ್ಲಿಟ್ಟು, ದಿನಾ ಸ್ವಲ್ಪ ಹೊಟ್ಟೆಯ ಚರ್ಮದಡಿ ಚುಚ್ಚಿಕೊಳ್ಳಬೇಕು. ಎಲ್ಲಿಂದ ಬಂತು, ಯಾರು ಮಾಡಿದ್ದು ಎಂದು ನಾನು ಕೇಳಲಿಲ್ಲ. ತರಕಾರಿಯವನನ್ನು ಬೆಂಡೆಕಾಯಿ ಎಲ್ಲಿಂದ ತಂದೆ ಎಂದು ಅರ್ಧ ಗಂಟೆ ವಿಚಾರಿಸುವವಳು ನಾನು.

ಒಂದೇ ತೊಂದರೆ, ನನಗೆ ಸೂಜಿ ಕಂಡರೆ ತಲೆ ಸುತ್ತುತ್ತದೆ. ಅತ್ತೆಗೆ ಸಕ್ಕರೆ ಕಾಯಿಲೆ. ದಿನಾ ತಾವೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಅದೂ ಟೀವಿ ನೋಡುತ್ತಾ. ಅವರ ಬಾಟಲಿಯ ಪಕ್ಕದಲ್ಲೇ ಫ್ರಿಜ್ಜಿನ ಬಾಗಿಲಲ್ಲಿ ನನ್ನ ಶೀಶೆ ಇಟ್ಟು, ಹಲ್ಲು ಕಿರಿದು ಅವರ ಮುಂದೆ ನಿಂತೆ. ಅತ್ತೆ ಶೀಶೆ ತೆಗೆದು, ಕನ್ನಡಕ ಏರಿಸಿ, ಅದರ ಮೇಲಿನ ಚೀಟಿಯ ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ ಓದಿ, "ಏನಂತ ಬರದಾರ?" ಎಂದರು.

"ಸಂಶೋಧನೆಗೆ ಮಾತ್ರ, ಮನುಷ್ಯಾರಿಗೆ ಅಲ್ಲ ಅಂತ."

"ಮನುಷ್ಯಾರಿಗೆ ಅಲ್ಲಂದ್ರ ಎಮ್ಮಿಗೇನು?"

"ಹಂಗ ಸುಮ್ಮ ಬರೀತಾರ್ರೀ ಅತ್ಯಾರ. ಕಾನೂನಿಗೆ." ಎಷ್ಟು ಸರಾಗವಾಗಿ ಹೇಳಿದೆನೆಂದರೆ ನನಗೇ ನಂಬಿಕೆ ಬಂತು. ಅತ್ತೆ ನನ್ನ ಹೊಟ್ಟೆಯ ಚರ್ಮ ಚಿವುಟಿ, "ಅಯ್ಯ, ಓಡಿ ಓಡಿ ಹಿಡಿಲಿಕ್ಕೂ ಏನೂ ಉಳಿಸಿಲ್ಲ" ಎಂದು ಬೈಯುತ್ತಲೇ ಚುಚ್ಚಿದರು. ಅವರ ಕೈ ಹಗುರ, ನೋವೇ ಆಗಲಿಲ್ಲ.

ಮರುದಿನ ನಾನು ಟೇಕಡಿಯನ್ನು ಹಾರಿಕೊಂಡು ಹತ್ತಿದೆ. ಅದು ಪುಡಿಯ ಶಕ್ತಿಯೋ, ಪುಡಿಯ ಮೇಲಿನ ಭಕ್ತಿಯೋ ದೇವರಿಗೇ ಗೊತ್ತು. ಮನೆಗೆ ಬಂದು ಅತ್ತೆಗೆ ಹಾಡಿ ಹೊಗಳಿದೆ. ಆ ವಾರ ಮುಗಿಯುವ ಹೊತ್ತಿಗೆ ಮತ್ತೆ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದೆ, ಎದೆ ಮೊದಲಿಗಿಂತ ಜೋರಾಗಿ ಬಡಿಯುತ್ತಿತ್ತು. ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ಹೊಗಳಿದ್ದು ಮಾತ್ರ ಅತ್ತೆಯ ಕಿವಿಯಲ್ಲಿ ಉಳಿಯಿತು.

ಒಂದು ಸಂಜೆ ಬಾಗಿಲ ಗಂಟೆ ಸದ್ದು ಮಾಡಿತು. ತೆಗೆದು ನೋಡಿದರೆ ಸೊಸೈಟಿಯ ಬೆಂಚಿನ ಮೇಲೆ ದಿನಾ ಕೂರುವ ಅಜ್ಜಿಯರ ದಂಡು. ಒಬ್ಬರ ಕೈಯಲ್ಲಿ ಊರುಗೋಲು, ಒಬ್ಬರ ಮೊಣಕಾಲಿಗೆ ಪಟ್ಟಿ, ಒಬ್ಬರ ಕೈಯಲ್ಲಿ ಅರಿಶಿನ ಕುಂಕುಮಕ್ಕೆ ಬಂದವರಂತೆ ಬಟ್ಟಲ ತುಂಬ ಅವಲಕ್ಕಿ ಚಿವಡಾ. "ತೇ ತಾಕದೀಚಂ ಇಂಜೆಕ್ಷನ್ ಆಮ್ಹಾಲಾ ಪಣ ದ್ಯಾ ನಾ!" ಎಂದು ಎಲ್ಲರೂ ಒಟ್ಟಿಗೆ ಕೇಳಿದರು. ಆ ಶಕ್ತಿಯ ಸೂಜಿ ಅವರಿಗೂ ಬೇಕಂತೆ. ನಡುಮನೆಯಲ್ಲಿ ನಮ್ಮ ಅತ್ತೆ ಸ್ಪಿರಿಟ್ಟು, ಹತ್ತಿ, ಹೊಸ ಸೂಜಿಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟುಕೊಂಡು ಪಲ್ಸ್ ಪೋಲಿಯೋ ಬೂತಿನವರ ಹಾಗೆ ಕೂತಿದ್ದರು. ಸೀರೆ ಸ್ವಲ್ಪ ಸರಿಸಿ, "ಮೊದಲ ನಾ ತೊಗೋತೀನಿ. ನನ್ನ ಮೊಣಕಾಲು ಭಾಳ ಹಿಡದದ. ಆಮ್ಯಾಲೆ ಇವರಿಗೆಲ್ಲಾ ಚೂರು ಚೂರು" ಎಂದು ಶೀಶೆಗೆ ಕೈ ಹಾಕಿದರು.

ನಾನು ಓಡಿಹೋಗಿ ಶೀಶೆ ಕಸಿದುಕೊಂಡೆ. ಆ ತಿಂಗಳೆಲ್ಲ ನಾನು ಅಷ್ಟು ಜೋರಾಗಿ ಓಡಿದ್ದು ಅದೊಂದೇ ಸಲ.

ಅತ್ತೆಯ ಮುಖ ಸಣ್ಣದಾಯಿತು. "ನಿನಗೊಂದು ನನಗೊಂದು ಮಾಡ್ತೀ? ಈ ಮನ್ಯಾಗ ಹಂಗ ಎಂದೂ ನಡದಿಲ್ಲ."

"ಅದಲ್ರೀ ಅತ್ಯಾರ, ಇದು ಏನಂತ ನನಗೂ ಗೊತ್ತಿಲ್ಲ! ಎಲ್ಲಿ ಮಾಡ್ಯಾರೋ, ಏನ್ ಹಾಕ್ಯಾರೋ. ನಿಮಗೇನರ ಆದ್ರ ನಾ ಏನ್ ಮಾಡ್ಲಿ?"

ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ನನಗೂ ಆಯಿತು. ಅಜ್ಜಿಯರಿಗೆ ಕನ್ನಡ ಬರುವುದಿಲ್ಲ, ಆದರೆ ಅತ್ತೆ ಸೊಸೆ ಜಗಳಕ್ಕೆ ಯಾವ ಭಾಷೆ ಬೇಕು? ಚಿವಡಾ ಮೇಜಿನ ಮೇಲಿಟ್ಟು ಒಬ್ಬೊಬ್ಬರಾಗಿ ಹೊರಟರು. ಪಟ್ಟಿ ಕಟ್ಟಿದ್ದ ಅಜ್ಜಿ ಮಾತ್ರ ಇನ್ನೇನಾದರೂ ಸಿಕ್ಕೀತೇ ಎಂದು ಸ್ವಲ್ಪ ಹೊತ್ತು ನಿಂತಿದ್ದರು.

ಬಾಗಿಲು ಹಾಕಿಕೊಂಡ ಮೇಲೆ ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಕೂಗಾಡಲು ಅನುಕೂಲವಾಗುತ್ತಿತ್ತು. ತಮ್ಮ ಬಲಗೈಯನ್ನೇ ನೋಡುತ್ತಾ, "ಏನಂತ ಗೊತ್ತಿಲ್ಲದ್ದನ್ನ ನನ್ನ ಕೈಲೆ ಚುಚ್ಚಿಸಿಕೊಂಡಿಯಲ್ಲ. ನಿನಗೇನರ ಆಗಿದ್ರ ನಾ ಏನ್ ಮಾಡಬೇಕಿತ್ತು?" ಎಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶೀಶೆಯನ್ನು ತರಬೇತುದಾರನಿಗೇ ತಿರುಗಿ ಕೊಡುತ್ತೇನೆ, ಡಾಕ್ಟರಿಗೆ ಎಲ್ಲ ಹೇಳುತ್ತೇನೆ ಎಂದೆ.

"ಅದಿರಲಿ. ಎರಡು ತಿಂಗಳು ಓಡಲಿಲ್ಲಂದ್ರ ಏನಾಗತದ ನಿನಗ? ಅದನ್ನ ಹೇಳು."

ಗಂಡ ಎಷ್ಟೋ ಸಲ ಇದನ್ನೇ ಕೇಳಿದ್ದರು, ಪ್ರತಿ ಸಲ ಜಗಳವಾಡಿ ತಪ್ಪಿಸಿಕೊಂಡಿದ್ದೆ. ಅವತ್ತು ಜಗಳಕ್ಕೆ ತ್ರಾಣವಿರಲಿಲ್ಲ. "ನಂದು ಅಂತ ಅದೊಂದೇ ಅದರೀ ಅತ್ಯಾರ. ಮನಿ ಎಲ್ಲಾರದು, ಅಡಗಿ ಎಲ್ಲಾರಿಗೆ. ಓಡೂವಷ್ಟು ಹೊತ್ತು ಮಾತ್ರ ನಾ ಯಾರಿಗೂ ಏನೂ ಅಲ್ಲ. ಅದೂ ಹೋದ್ರ ಹೆಂಗ?" ಎಂದೆ. ಅತ್ತುಬಿಟ್ಟೆ ಕೂಡ.

ಅತ್ತೆ ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. ಹತ್ತಿ ಸುತ್ತಿಟ್ಟರು. ಚಿವಡಾದಲ್ಲಿದ್ದ ಕೊಬ್ಬರಿ ಚೂರೊಂದನ್ನು ಆರಿಸಿ ಬಾಯಿಗೆ ಹಾಕಿಕೊಂಡರು.

"ನನಗ ಅಂಥಾದ್ದು ಒಂದೂ ಇರಲಿಲ್ಲ ನೋಡು" ಎಂದರು. "ಅದಕ್ಕ ಹೇಳ್ತೀನಿ, ಒಮ್ಮೆಲೆ ಮುಗಿಸಿಕೋಬ್ಯಾಡ."

ಘಾಟಿನ ಓಟದ ದಿನ ನಾನು ಬೆಳಕು ಹರಿದರೂ ಏಳದೆ ನಿದ್ದೆ ಹೊಡೆದೆ.