ಡಿಪೊ ಗೇಟಿಗೆ ಬಂದ ಹಸಿರು ಬಳೆ

ಕೋವಿಡ್ ಮುಗಿದ ಮರುವರ್ಷವೋ ಅದರ ಮುಂದಿನದೋ, ನಾನು ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಿಗೆ ಒಂದು ಸಂಸ್ಥೆಯ ಅಡ್ವೊಕೆಸಿ ಸಂಯೋಜಕನಾಗಿದ್ದೆ. ಜನರ ಬೇಡಿಕೆ ಸರಿಯಾದ ಅಧಿಕಾರಿಯ ಮೇಜು ಮುಟ್ಟುವಂತೆ, ಮುಟ್ಟಿದ ಮೇಲೆ ಅಲ್ಲೇ ಮಲಗದಂತೆ ನೋಡಿಕೊಳ್ಳುವುದು ಆ ಕೆಲಸ. ಮೈಸೂರಿನಲ್ಲಿ ಸಮಾಜಶಾಸ್ತ್ರ ಓದಿ ಬಂದ ನನಗೆ ಆಚರಣೆಗಳಲ್ಲಿ ನಂಬಿಕೆ ಇರಲಿಲ್ಲ. ಈಗ ನನ್ನ ನೆನಪಿನ ಮೇಲೂ ಪೂರ್ತಿ ಇಲ್ಲ. ಇದು ಹೆದರಿದವನ ನೆನಪು.

ಪಾಮನಕಲ್ಲೂರಿನಾಚೆಯ ಒಂದು ಹಳ್ಳಿಗೆ ಸಂಜೆ ಬರುತ್ತಿದ್ದ ಬಸ್ಸು ನಿಂತುಹೋಗಿತ್ತು. ಚಾಲಕರ ಕೊರತೆ ಎಂಬುದು ಡಿಪೊದ ಉತ್ತರ. ಅಲ್ಲಿನ ಮಹಿಳಾ ಸಂಘದ ಹುಸೇನಬಿಯ ಮಗಳು ಶಬಾನಾ ಪಿಯುಸಿ ಎರಡನೇ ವರ್ಷದಲ್ಲಿದ್ದಳು. ಬಸ್ಸು ಬರದಿದ್ದರೆ ಕಾಲೇಜು ಬಿಡಿಸಿ ನಿಕಾಹ್ ಮಾಡುವುದೆಂದು ಅವಳ ಅಜ್ಜ ಹೇಳಿಬಿಟ್ಟಿದ್ದರು. ಮನವಿ ಕೊಟ್ಟು ಕೊಟ್ಟು ಸೋತ ನಾನು ಡಿಪೊ ಮ್ಯಾನೇಜರ್ ಮೇಡಂ ಅವರ ಭೇಟಿಗೆ ಸಮಯ ಪಡೆದೆ. ಗಲಾಟೆ ಆಗುವುದಿಲ್ಲವೆಂದು ಅವರಿಗೆ, ಪೊಲೀಸರು ಬರುವುದಿಲ್ಲವೆಂದು ಹೆಂಗಸರಿಗೆ ಮಾತು ಕೊಟ್ಟೆ.

ಭೇಟಿಯ ದಿನ ಡಿಪೊ ಗೇಟಿನ ಬಳಿ ಹೆಂಗಸರ ಚೀಲದಲ್ಲಿ ಹಸಿರು ಬಳೆ ಕಂಡು ನನ್ನ ಬಾಯಿ ಒಣಗಿತು. ಹಿಂದೊಮ್ಮೆ ಧರಣಿಯಲ್ಲಿ ಅಧಿಕಾರಿಯೊಬ್ಬರಿಗೆ ಬಳೆ ತೊಡಿಸಲು ಹೋದವರ ಮೇಲೆ ಲಾಠಿ ಬಿದ್ದದ್ದನ್ನು ನೋಡಿದ್ದೆ. ಇದೇನೆಂದು ಕೇಳಿದೆ.

"ಇವತ್ತ ಮೇಡಮ್ಮೋರ ಉಡಿ ತುಂಬೇ ಹೋಗೋದ್ರಿ ಸರ," ಎಂದಳು ಹುಸೇನಬಿ.

ಮಡಿಲು ತುಂಬುವ ಈ ಮಾತನ್ನು ವ್ಯಂಗ್ಯವೆಂದೇ ತಿಳಿದೆ. ಚೀಲ ಮುಚ್ಚಿರೆಂದು ಬೇಡಿಕೊಂಡೆ. ಅಷ್ಟರಲ್ಲಿ ಕಾವಲುಗಾರನೂ ಬಳೆ ನೋಡಿ ಫೋನ್ ಮಾಡಿಯಾಗಿತ್ತು. ಜೀಪು ಬಂತು. ಪೇದೆಗಳು ಲಾಠಿ ಹಿಡಿದೇ ಇಳಿದರು. ಓಡಬೇಕೆನಿಸಿತು. ಹುಸೇನಬಿ ನನ್ನ ಮುಖ ನೋಡಿದಳು.

"ಹೆದರಬ್ಯಾಡ್ರಿ ಸರ, ನಿಮ್ಮ ಉಡಿ ಏನ್ ತುಂಬಂಗಿಲ್ಲ."

ಮೇಡಂ ಹೊರಗೆ ಬಂದರು. ಬಳೆ ಕಂಡು ಅವರ ಮುಖ ಗಂಟಿಕ್ಕಿತು. "ನನಗ ಬಳಿ ತಂದೀರೇನು?"

"ತವರಿನವ್ರು ಬಳಿ ತರದ ಮತ್ತೇನ ತರಬೇಕ್ರಿ ಅಕ್ಕಾರ? ಸೆರಗ ಒಡ್ಡ್ರಿ," ಎಂದಳು ಹುಸೇನಬಿ.

ಮೇಡಂ ಚೂಡಿದಾರ್ ತೊಟ್ಟಿದ್ದರು. ಸೆರಗೆಲ್ಲಿದೆ ಎಂದರು.

"ದುಪಟ್ಟಾನ ಒಡ್ಡ್ರಿ. ಅಕ್ಕಿಗೇನ್ ಗೊತ್ತಾಗ್ತೈತಿ?"

ಪೇದೆಗಳು ಮೇಡಂ ಕಣ್ಸನ್ನೆಗೆ ಕಾದಿದ್ದರು. ಮೇಡಂ ನಿಧಾನವಾಗಿ ದುಪಟ್ಟಾ ಒಡ್ಡಿದರು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ, ಬಳೆ ಅದರೊಳಗೆ ಬಿದ್ದವು. ಆ ಕಡೆ ಉಡಿ ತುಂಬಿಸಿಕೊಂಡವಳು ಮನೆಮಗಳಾಗುತ್ತಾಳೆ ಎಂಬುದು ನನಗೆ ಹೊಳೆದದ್ದು ಆಗ.

"ಮಗಳಾದ ಮ್ಯಾಲ ಉಣ್ಣಾಕ ಬರಬೇಕ್ರಿ," ಎಂದಳು ಹುಸೇನಬಿ. "ಸಂಜಿಗೆ ಹೆಂಗ ಬರತೀರಿ? ಬಸ್ಸಿಲ್ಲ."

ಮೇಡಂ ನಕ್ಕರೆಂದು ನನ್ನ ನೆನಪು. ಅವರ ಕಣ್ಣು ತುಂಬಿತ್ತೆಂದು ಹುಸೇನಬಿ ಇಂದಿಗೂ ವಾದಿಸುತ್ತಾಳೆ. ಬಸ್ಸಿನ ವಿಷಯದಲ್ಲಿ ಮಾತ್ರ ನಮಗೆ ಜಗಳವಿಲ್ಲ: ಅದೇ ವಾರ ಅದು ಮತ್ತೆ ಹೊರಟಿತು. ಮೊದಲ ಸಂಜೆ ಶಬಾನಾಳ ಹಿಂದೆಯೇ ಮೇಡಂ ಕೂಡ ಅದರಿಂದ ಇಳಿದರು.

ಅಂದಿನಿಂದ ಯಾವ ಭೇಟಿಗೆ ಹೊರಟರೂ, ಎಷ್ಟು ಜನ ಬರುತ್ತೀರಿ ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಏನು ತರುತ್ತೀರಿ, ನಿಮ್ಮಲ್ಲಿ ಅದರ ಅರ್ಥವೇನು ಎಂದೂ ಕೇಳುತ್ತೇನೆ. ಆದರೂ ಗೇಟಿನ ಬಳಿ ಜೀಪು ಬಂದು ನಿಂತರೆ ಬಾಯಿ ಒಣಗುತ್ತದೆ.