ಮಾಮಿಯ ಮಂಗಳೂರು ಡಾಕ್ಟ್ರು

ನಾನು ಎಂಬಿಬಿಎಸ್ ಓದಿದ ಕಾಲೇಜಿಗೆ ರೋಗಿಗಳು ಬಸ್ಸಿನಲ್ಲಿ ಬರುತ್ತಿದ್ದರು. ಅದೂ ರೋಗ ಬಂದಾಗ ಅಲ್ಲ, ಕಾಲೇಜಿಗೆ ಮಾನ್ಯತೆ ಕೊಡುವ ತಪಾಸಣೆಯವರು ಬರುತ್ತಾರೆ ಎಂಬ ಸುದ್ದಿ ಬಂದಾಗ. ಉತ್ತರದ ಒಂದು ರಾಜ್ಯದಲ್ಲಿ, ಹೆದ್ದಾರಿಯ ಬದಿಯಲ್ಲಿ, ಗೋಧಿ ಹೊಲಗಳ ನಡುವೆ ಎದ್ದಿದ್ದ ಹೊಸ ಕಾಲೇಜು ಅದು. ಸುದ್ದಿ ಬಂದ ದಿನ ಕಾಲೇಜಿನ ಬಸ್ಸುಗಳು ಸುತ್ತಲಿನ ಹಳ್ಳಿಗಳಿಗೆ ಹೋಗಿ ಜನರನ್ನು ತುಂಬಿಸಿಕೊಂಡು ಬರುತ್ತಿದ್ದವು. ಬಂದವರಿಗೆ ಊಟ, ದಿನದ ಕೂಲಿ, ಮಲಗಲು ಹೊಸ ಬೆಡ್‌ಶೀಟ್. ಉಳಿದ ದಿನಗಳಲ್ಲಿ ಪಾರಿವಾಳಗಳು ಓಡಾಡುತ್ತಿದ್ದ ವಾರ್ಡು ಅವತ್ತು ಗಿಜಿಗುಡುತ್ತಿತ್ತು.

ನನ್ನ ಪಾಲಿಗೆ ಯಾವಾಗಲೂ ಒಬ್ಬ ಮುದುಕ ಬರುತ್ತಿದ್ದ. ಒಂದು ಸಲ ಅವನಿಗೆ ಟೈಫಾಯ್ಡ್, ಇನ್ನೊಂದು ಸಲ ಹರ್ನಿಯಾ. ಮೂರನೆಯ ವರ್ಷ ಅವನಿಗೆ ಕಿಡ್ನಿಯ ಕಾಯಿಲೆ ಕೊಟ್ಟಿದ್ದರು. ಕಾಲಿನಲ್ಲಿ ಊತ ಇದೆ ಎಂದು ಕೇಸ್ ಶೀಟಿನಲ್ಲಿ ಮೊದಲೇ ಬರೆದಿತ್ತು. ಅಂಥ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಬೀಳಬೇಕು, ಬಿದ್ದ ಕುಳಿ ಸ್ವಲ್ಪ ಹೊತ್ತು ಹಾಗೆಯೇ ನಿಲ್ಲಬೇಕು. ಹೊಲದಲ್ಲಿ ದುಡಿದು ಒಣಗಿದ್ದ ಆ ಮುದುಕನ ಕಾಲಿನಲ್ಲಿ ಒತ್ತುವುದಕ್ಕೆ ಮಾಂಸವೇ ಇರಲಿಲ್ಲ. ಆದರೂ ಒತ್ತಿದೆ. ಅವನು ಕಚಗುಳಿಯಾಗಿ ನಕ್ಕು, ಊಟ ಎಷ್ಟು ಹೊತ್ತಿಗೆ ಎಂದು ಹಿಂದಿಯಲ್ಲಿ ಕೇಳಿದ. ನಾನು ‘ಕುಳಿ ಬಿದ್ದಿದೆ’ ಎಂದು ಬರೆದೆ. ಅದಕ್ಕೆ ನನಗೆ ಒಳ್ಳೆಯ ಅಂಕವೂ ಬಂತು.

ಅಲ್ಲಿಗೆ ಹೋದದ್ದು ಹೇಗೆ ಎಂದರೆ, ನೀಟ್ ಪರೀಕ್ಷೆಯಲ್ಲಿ ನನಗೆ ಬಂದ ರ‍್ಯಾಂಕು ನೋಡಿ ಮಂಗಳೂರಿನ ಏಜೆಂಟ್, “ಡಾಕ್ಟ್ರೇ ಆಗ್ಬೇಕಾ? ಬೇರೆ ಎಂತದೂ ಆಗ್ಲಿಕ್ಕಿಲ್ವಾ?” ಎಂದು ಕೇಳಿದ್ದ. ಡಾಕ್ಟರೇ ಆಗಬೇಕು ಎಂದವರು ಅಪ್ಪ. ವರ್ಕಾಡಿಯಲ್ಲಿ ಅವರದು ಬೀಡಿಯ ಬ್ರಾಂಚು. ಊರಿನ ಹೆಂಗಸರಿಗೆ ಎಲೆ, ತಂಬಾಕು ಕೊಟ್ಟು, ಅವರು ಕಟ್ಟಿ ತಂದ ಬೀಡಿಯನ್ನು ನೋಡಿ ತೆಗೆದುಕೊಳ್ಳುವ ಕೆಲಸ. ತಂಬಾಕಿನ ಹುಡಿಗೆ ಕೆಮ್ಮುವ ಹೆಂಗಸರನ್ನು ಜೀವಮಾನವಿಡೀ ನೋಡಿ ಮಗಳು ಡಾಕ್ಟರಾಗಲಿ ಎಂದುಕೊಂಡರೋ, ಡಾಕ್ಟರ ಅಪ್ಪ ಎಂದು ಕರೆಸಿಕೊಳ್ಳುವ ಆಸೆಯೋ, ನನಗೆ ಗೊತ್ತಿಲ್ಲ. ಎರಡೂ ಇದ್ದಿರಬಹುದು. ನಾನೂ ಬೇಡ ಎನ್ನಲಿಲ್ಲ. ಬಿಳಿ ಕೋಟಿನ ಮೇಲೆ ಆಗ ನನಗೂ ಸಾಕಷ್ಟು ಮೋಹವಿತ್ತು.

ಶಿಕ್ಷಣ ಸಾಲ ಎಂದು ಸಿಕ್ಕಿದ ಹಣ ಆ ಕಾಲೇಜಿನ ಅರ್ಧ ಶುಲ್ಕಕ್ಕೂ ಸಾಲದು. ಉಳಿದದ್ದಕ್ಕೆ ಸಹಕಾರಿ ಬ್ಯಾಂಕಿಗೆ ಹೋಗಬೇಕಾಯಿತು. ಅಲ್ಲಿ ನಮ್ಮ ಜಾಗದ ಆಧಾರದ ಜೊತೆಗೆ ಸರಕಾರಿ ಸಂಬಳದವರ ಜಾಮೀನೂ ಬೇಕು ಎಂದರು. ನಮ್ಮ ಇಡೀ ಕುಟುಂಬದಲ್ಲಿ ಸರಕಾರಿ ಸಂಬಳ ಇದ್ದವರು ಒಬ್ಬರೇ, ಅಮ್ಮನ ಅಣ್ಣ, ಅಂದರೆ ನನ್ನ ಮಾವ. ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಮಾಸ್ಟ್ರು. ಅವರು ಸಂಬಳದ ಸರ್ಟಿಫಿಕೇಟ್ ಹಿಡಿದು ಬಂದು, ಬ್ಯಾಂಕಿನವರು ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಆಮೇಲೆ ನನ್ನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ಕೊಡಿಸಿದರು.

ಇದರಲ್ಲಿ ಯಾರಿಗೂ ವಿಶೇಷವೇನೂ ಕಾಣಲಿಲ್ಲ. ನಮ್ಮದು ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಕುಟುಂಬ. ಆಸ್ತಿಯ ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ಮನಸ್ಸಿನೊಳಗಿನ ಲೆಕ್ಕ ಹಳೆಯದೇ. ಆ ಲೆಕ್ಕದಲ್ಲಿ ಮಾವನ ತಂಗಿಯ ಮಗಳಾದ ನಾನು ಅವರ ಕುಟುಂಬದವಳು. ಅವರ ಸ್ವಂತ ಮಗ ಅವನ ತಾಯಿಯ ಕುಟುಂಬದವನು. ತಂಗಿಯ ಮಕ್ಕಳಿಗೆ ಮಾವ ನಿಲ್ಲುವುದು ಎಂದರೆ ನಮ್ಮವರಿಗೆ ಉಪಕಾರವಲ್ಲ, ಆಗಲೇಬೇಕಾದ ಕೆಲಸ. ಹಾಗಾಗಿ ಮಾವನ ಹೆಂಡತಿಯನ್ನು, ಅಂದರೆ ಮಾಮಿಯನ್ನು, ಒಂದು ಮಾತು ಕೇಳಬೇಕು ಎಂದು ಯಾರಿಗೂ ಹೊಳೆಯಲಿಲ್ಲ.

ಮಾಮಿಗೆ ವಿಷಯ ತಿಳಿದದ್ದು ಎರಡು ವರ್ಷಗಳ ಮೇಲೆ, ಮಗನನ್ನು ನರ್ಸಿಂಗಿಗೆ ಸೇರಿಸಲು ಸಾಲ ಕೇಳಲು ಹೋದಾಗ. ಮಾವನ ಸಂಬಳದ ಮೇಲೆ ಆಗಲೇ ಒಂದು ಜಾಮೀನು ಇದೆ, ಇನ್ನೊಂದು ಆಗುವುದಿಲ್ಲ ಎಂದರಂತೆ. ಆ ಮಗ ದುಬಾಯಿಗೆ ಹೋಗಿ ಸೂಪರ್‌ ಮಾರ್ಕೆಟಿನಲ್ಲಿ ಸಾಮಾನು ಜೋಡಿಸುವ ಕೆಲಸಕ್ಕೆ ಸೇರಿದ. ಮನೆಯಲ್ಲಿ ನಾವೆಲ್ಲ ಮಾತಾಡುವುದು ತುಳು. ಮಾಮಿ ಮಾತ್ರ ಗಂಭೀರ ಸಂಗತಿಗಳಿಗೆ ಕನ್ನಡವನ್ನು ತೆಗೆದಿಟ್ಟವರು. ರಜೆಯಲ್ಲಿ ಊರಿಗೆ ಬಂದ ನನ್ನನ್ನು ಅಂಗಳದಲ್ಲೇ ನಿಲ್ಲಿಸಿ ಕನ್ನಡದಲ್ಲಿ ಹೇಳಿದರು, “ನೋಡು, ನೀನು ಡಾಕ್ಟ್ರಾಗು, ನನಗೆಂತ ಹೊಟ್ಟೆಕಿಚ್ಚಿಲ್ಲ. ಆದ್ರೆ ಈ ಸಾಲ ಮುಗಿಯುವವರೆಗೆ ನನಗೆ ಹೇಳ್ಲಿಕ್ಕೆ ಉಂಟು. ನಾನು ಹೇಳಿಯೇ ಹೇಳ್ತೇನೆ.”

ಹೇಳಿದಂತೆ ಹೇಳುತ್ತಲೇ ಇದ್ದರು. ಗೃಹಪ್ರವೇಶದಲ್ಲಿ, ಸೀಮಂತದಲ್ಲಿ, ಸತ್ತವರ ಬೊಜ್ಜದ ಊಟದಲ್ಲಿ. ನನಗೆ ಸಿಟ್ಟು ಬರುತ್ತಿತ್ತು. ತಪ್ಪು ಅವರದಲ್ಲ ಎಂಬುದು ಗೊತ್ತಿದ್ದದ್ದರಿಂದ ಇನ್ನಷ್ಟು ಬರುತ್ತಿತ್ತು.

ಓದು ಮುಗಿಸಿ ಬಂದವಳು ಮೊದಲು ಹೋದದ್ದು ಮಂಗಳೂರಿನ ಆಸ್ಪತ್ರೆಗಳಿಗೆ. ಎಲ್ಲ ಕಡೆಯೂ ಸರ್ಟಿಫಿಕೇಟಿನ ಮೇಲಿದ್ದ ಕಾಲೇಜಿನ ಹೆಸರನ್ನು ಓದಿ, “ಇದು ಎಲ್ಲಿ ಬರುತ್ತದೆ?” ಎಂದು ಕೇಳುತ್ತಿದ್ದರು. ನಾನು ರಾಜ್ಯದ ಹೆಸರು ಹೇಳಿ, ಹತ್ತಿರದ ದೊಡ್ಡ ಊರಿನ ಹೆಸರು ಹೇಳಿ, ರೈಲು ನಿಲ್ದಾಣದ ಹೆಸರೂ ಹೇಳುತ್ತಿದ್ದೆ. ಅಷ್ಟು ಭೂಗೋಳ ಕೇಳಿದ ಮೇಲೆ ಅವರು “ತಿಳಿಸ್ತೇವೆ” ಎನ್ನುತ್ತಿದ್ದರು. ತಿಳಿಸಿದವರು ಯಾರೂ ಇಲ್ಲ. ಕೊನೆಗೆ ನಮ್ಮ ಕಡೆಯದೇ ಒಂದು ಪೇಟೆಯ ಸಣ್ಣ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆದೆ. ದೊಡ್ಡ ಡಾಕ್ಟರ್ ಬರುವ ತನಕ ರೋಗಿ ಸಾಯದಂತೆ ನೋಡಿಕೊಳ್ಳುವುದು, ಅವರು ಬಂದ ಮೇಲೆ ಪಕ್ಕಕ್ಕೆ ಸರಿಯುವುದು ಡ್ಯೂಟಿ ಡಾಕ್ಟರ ಕೆಲಸ. ಅಲ್ಲಿಯ ನರ್ಸುಗಳು ನನಗೆ ಕಲಿಸಿದಷ್ಟು ಆ ಗೋಧಿ ಹೊಲ ಕಲಿಸಿರಲಿಲ್ಲ.

ರೋಗಿಗಳು ಕಾಲೇಜಿನ ಹೆಸರು ಕೇಳುವುದಿಲ್ಲ. ಅವರ ಪ್ರಶ್ನೆ ಬೇರೆ: “ಎಂಬಿಬಿಎಸ್ ಮಾತ್ರವಾ?” ನನ್ನನ್ನು ನೋಡಲು ಬಂದ ಗಂಡಿನ ಕಡೆಯವರದೂ ಅದೇ ಪ್ರಶ್ನೆ. ಮಾತ್ರ ಎನ್ನಿಸಿಕೊಳ್ಳಬಾರದೆಂದರೆ ಪಿಜಿ ಮಾಡಬೇಕು. ಪಿಜಿ ಸೀಟು ಬೇಕೆಂದರೆ ಒಳ್ಳೆಯ ರ‍್ಯಾಂಕು ಬೇಕು, ಇಲ್ಲವೇ ಅಪ್ಪ ಇಂಥ ಇನ್ನೂ ಹತ್ತು ಬೀಡಿ ಬ್ರಾಂಚು ನಡೆಸಬೇಕು. ನಾನು ಕೆಲಸ ಬಿಟ್ಟು ಒಂದು ವರ್ಷ ಮನೆಯಲ್ಲಿ ಕುಳಿತು ಓದಿದೆ. ರ‍್ಯಾಂಕು ಬರಲಿಲ್ಲ. ಬಂದದ್ದು ಬ್ಯಾಂಕಿನ ನೋಟೀಸು, ಅದೂ ಮಾವನ ಶಾಲೆಗೆ. ಕಂತು ತಪ್ಪಿದ್ದರಿಂದ ಮಾವನ ಸಂಬಳದಲ್ಲಿ ಹಿಡಿಯಲು ಶುರು ಮಾಡಿದ್ದರು. ಮಾವ ನಮಗೆ ಹೇಳಲಿಲ್ಲ. ಅದೇ ಶಾಲೆಯ ಇನ್ನೊಬ್ಬ ಮಾಸ್ಟ್ರು ಪೇಟೆಯಲ್ಲಿ ಅಪ್ಪನಿಗೆ ಸಿಕ್ಕಿ, “ಎಂತ ಮಾರಾಯ್ರೇ, ಮಗಳು ಡಾಕ್ಟ್ರು, ಭಾವನ ಸಂಬಳಕ್ಕೆ ಜಪ್ತಿಯಾ?” ಎಂದು ಕೇಳಿದ್ದರಿಂದ ಗೊತ್ತಾಯಿತು.

ಅವತ್ತೇ ಪಿಜಿಯ ಪುಸ್ತಕಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಮಾವನ ನಿವೃತ್ತಿ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಸಾಲ ತೀರದಿದ್ದರೆ ನಿವೃತ್ತಿಯ ಹಣದ ಮೇಲೂ ಬ್ಯಾಂಕಿನ ಕೈ ಬೀಳುತ್ತದೆ ಎಂದು ಹೇಳುತ್ತಿದ್ದರು. ಆ ಹಣದಲ್ಲಿ ಮಗನನ್ನು ದುಬಾಯಿಯಿಂದ ಕರೆಸಿ ಬದಿಯಡ್ಕದಲ್ಲಿ ಅಂಗಡಿ ಹಾಕಿಸಬೇಕು ಎಂಬುದು ಮಾಮಿಯ ಆಸೆ. ನಾನು ಆಸ್ಪತ್ರೆಯ ಡ್ಯೂಟಿ ಮತ್ತೆ ಹಿಡಿದೆ. ಅದು ಮುಗಿದ ಮೇಲೆ ಪೆರ್ಲದ ಒಂದು ಕ್ಲಿನಿಕ್ಕಿನಲ್ಲಿ ಕುಳಿತೆ. ವರ್ಷಗಳು ಹಾಗೆಯೇ ಹೋದವು. ನನಗೆ ಹೇಳಿಕೊಳ್ಳುವಂಥ ದುಃಖವೇನೂ ಇರಲಿಲ್ಲ, ನಿದ್ದೆ ಮಾತ್ರ ಕಡಿಮೆಯಾಗಿತ್ತು.

ಈ ನಡುವೆ ನೆಂಟರಿಗೆಲ್ಲ ನಾನು ಡಾಕ್ಟರಾಗಿದ್ದೆ. ನಮ್ಮಲ್ಲಿ ಮದುವೆಯ ಊಟ ಮುಗಿದ ಮೇಲೆ ಕುಟುಂಬದ ಡಾಕ್ಟರಿಗೆ ಇನ್ನೊಂದು ಪಂಕ್ತಿ ಕಾದಿರುತ್ತದೆ. ಒಬ್ಬರು ಮೊಬೈಲಿನಲ್ಲಿ ಸ್ಕ್ಯಾನಿಂಗ್ ರಿಪೋರ್ಟ್ ತೋರಿಸುತ್ತಾರೆ, ಇನ್ನೊಬ್ಬರು ಪರ್ಸಿನಿಂದ ಮಾತ್ರೆಯ ಹಾಳೆ ತೆಗೆಯುತ್ತಾರೆ, ಮತ್ತೊಬ್ಬರು ಪಾಯಸದ ಕೈಯಲ್ಲೇ ಶುಗರ್ ಬಗ್ಗೆ ಕೇಳುತ್ತಾರೆ. ಎಂಬಿಬಿಎಸ್ ಮಾತ್ರ ಎನ್ನುವುದು ಪುಕ್ಕಟೆ ನೋಡಿಸಿಕೊಳ್ಳುವಾಗ ಯಾರಿಗೂ ನೆನಪಾಗುವುದಿಲ್ಲ. ಆ ಪಂಕ್ತಿಯಲ್ಲಿ ಮಾಮಿ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಅವರಿಗೆ ಬಿ.ಪಿ. ಇರುವುದು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಅಮ್ಮ, “ಅತ್ತಿಗೆ, ಇವಳಿಗೊಮ್ಮೆ ತೋರಿಸಬಾರದಾ?” ಎಂದಾಗ ಮಾಮಿ ಸಭೆಗೆಲ್ಲ ಕೇಳುವಂತೆ ಹೇಳಿದರು, “ನನಗೆ ಮಂಗ್ಳೂರು ಡಾಕ್ಟ್ರು ಉಂಟು.”

ಮಂಗಳೂರಿನ ಆಸ್ಪತ್ರೆಯವರು ಹೇಳಿದ “ತಿಳಿಸ್ತೇವೆ” ನನಗೆ ಅಷ್ಟು ನಾಟಿರಲಿಲ್ಲ. ಇದು ನಾಟಿತು. ನನ್ನ ಕಾಲೇಜು ಎಂಥದ್ದು ಎಂದು ಊರಿನಲ್ಲಿ ಸರಿಯಾಗಿ ಅರ್ಥ ಮಾಡಿಕೊಂಡವರು ಮಾಮಿ ಒಬ್ಬರೇ ಎಂದುಕೊಂಡೆ. ಆ ಮುದುಕನ ಕಾಲು ಒತ್ತಿ ನಾನು ಬರೆದ ಸುಳ್ಳನ್ನು ಅವರು ಹೇಗೋ ಓದಿಬಿಟ್ಟಿದ್ದಾರೆ ಎಂದು ಅನಿಸುತ್ತಿತ್ತು.

ಮಾವನ ನಿವೃತ್ತಿಗೆ ಕೆಲವೇ ವಾರಗಳು ಉಳಿದಿದ್ದಾಗ, ನನ್ನ ಮದುವೆಗೆಂದು ಅಮ್ಮ ಮಾಡಿಸಿಟ್ಟಿದ್ದ ಚಿನ್ನವನ್ನೂ ಮಾರಿ ಸಹಕಾರಿ ಬ್ಯಾಂಕಿನ ಸಾಲ ತೀರಿಸಿದೆವು. ಶಿಕ್ಷಣ ಸಾಲ ಇನ್ನೂ ಇದೆ, ಆದರೆ ಅದಕ್ಕೆ ಮಾವನ ಸಹಿ ಇಲ್ಲ. ಬಾಕಿ ಇಲ್ಲ ಎಂದು ಬ್ಯಾಂಕಿನವರು ಕೊಟ್ಟ ಕಾಗದ ಹಿಡಿದು ಒಂದು ಭಾನುವಾರ ಮಧ್ಯಾಹ್ನ ಮಾವನ ಮನೆಗೆ ಹೋದೆ. ನಮ್ಮದು ಗಡಿಯಾಚೆಯ ಊರಾದ್ದರಿಂದ ಕಾಗದ ಮಲಯಾಳದಲ್ಲಿತ್ತು. ಮಾವ ಅದನ್ನು ಓದಿ, ತರಗತಿಯಲ್ಲಿ ಪಾಠದ ಅರ್ಥ ಹೇಳುವ ಹಾಗೆ ಮಾಮಿಗೆ ಕನ್ನಡದಲ್ಲಿ ಹೇಳಿದರು. ಮಾಮಿ ಪೂರ್ತಿ ಕೇಳಿಸಿಕೊಂಡರು. ಒಳಗೆ ಹೋಗಿ ಚಹಾ ತಂದರು, ಸೆರಗಿಗೆ ಕೈ ಒರೆಸಿಕೊಂಡರು, ನನ್ನ ಎದುರಿಗೆ ಕುರ್ಚಿ ಎಳೆದು ಕುಳಿತರು.

“ನಿನ್ನ ಬಿ.ಪಿ. ಮಿಷಿನ್ ತಂದಿದ್ದಿಯಾ?”

“ಬ್ಯಾಗಿನಲ್ಲಿ ಉಂಟು ಮಾಮಿ.”

“ಹಾಗಾದ್ರೆ ನೋಡು,” ಎಂದು ತೋಳು ಚಾಚಿದರು.

ನಾನು ಅವರ ಮುಖ ನೋಡುತ್ತ ಉಳಿದೆ. ಅವರು ನಕ್ಕರು. ಅವರು ನನ್ನನ್ನು ನೋಡಿ ನಕ್ಕದ್ದು ಎಷ್ಟು ವರ್ಷಗಳ ಮೇಲೋ. “ಎಂತ ಹಾಗೆ ನೋಡ್ತಿ? ಇಷ್ಟು ದಿನ ಹೇಗೆ ತೋರಿಸುವುದು ಮಾರಾಯ್ತಿ? ನಿನ್ನ ಹತ್ರ ಪುಕ್ಕಟೆ ಮದ್ದು ತಕೊಂಡ್ರೆ ಮತ್ತೆ ನನ್ನ ಬಾಯಿ ಬಂದ್. ನಿನ್ನನ್ನು ಬೈಯ್ಲಿಕ್ಕೆ ಆಗ್ತಿತ್ತಾ? ಈಗ ಮುಗೀತಲ್ಲ. ಇನ್ನು ನೀನೇ ನನ್ನ ಡಾಕ್ಟ್ರು.”

ಕಾಲೇಜಿನ ವಿಷಯ ಅವರ ತಲೆಯಲ್ಲಿ ಇರಲೇ ಇಲ್ಲ. ನಗಬೇಕೆನಿಸಿತು. ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದೆ. ಮೇಲಿನ ಅಂಕಿ ಇನ್ನೂರು ದಾಟಿತ್ತು. ಮಿಷಿನ್ ಸರಿಯಿಲ್ಲವೇನೋ ಎಂದು ಇನ್ನೊಂದು ತೋಳಿನಲ್ಲಿ ನೋಡಿದೆ. ಅಲ್ಲಿಯೂ ಅದೇ.

“ಮಂಗಳೂರು ಡಾಕ್ಟರು ಯಾವ ಮಾತ್ರೆ ಕೊಟ್ಟಿದ್ದಾರೆ ಮಾಮಿ? ಯಾವಾಗ ಹೋದದ್ದು ಅಲ್ಲಿಗೆ?”

ಮಾಮಿ ಮಾವನ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು. “ಮಂಗ್ಳೂರಿಗೆ ಹೋಗ್ಲಿಲ್ಲ. ಇವರ ಸಂಬಳ ಹಿಡೀಲಿಕ್ಕೆ ಶುರುವಾದ ಮೇಲೆ ಹೋಗ್ಲೇ ಇಲ್ಲ. ಹಳೆ ಮಾತ್ರೆ ಉಂಟಲ್ಲ, ಅದ್ರದ್ದೇ ಖಾಲಿ ಹಾಳೆ ಮೆಡಿಕಲ್ಲಿಗೆ ಕೊಂಡೋಗಿ ತೋರಿಸಿದ್ರೆ ಕೊಡ್ತಾರೆ. ಕೆಲವು ಸಲ ತಕೊಳ್ತೇನೆ, ಕೆಲವು ಸಲ ಇಲ್ಲ. ತಲೆನೋವು ಬಂದ್ರೆ ತಕೊಳ್ತೇನೆ.”

“ನೀನು ಹೋಗ್ತಾ ಇದ್ದಿಯಲ್ಲ, ಎರಡು ತಿಂಗಳಿಗೊಮ್ಮೆ,” ಎಂದರು ಮಾವ.

“ತವರಿಗೆ ಹೋಗಿ ಬರ್ತಿದ್ದೆ,” ಎಂದರು ಮಾಮಿ.

ನಾನು ಕೆಳಗೆ ಕುಳಿತು ಅವರ ಸೀರೆಯ ಅಂಚನ್ನು ಸ್ವಲ್ಪ ಮೇಲೆ ಸರಿಸಿದೆ. ಕಣಕಾಲಿನ ಮೇಲೆ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಮೂಳೆಯ ಮೇಲೆ ಹೆಬ್ಬೆರಳು ಇಟ್ಟು ಒತ್ತಿದೆ. ಬೆರಳು ಒಳಗೆ ಇಳಿಯಿತು. ತೆಗೆದ ಮೇಲೂ ಕುಳಿ ಹಾಗೆಯೇ ನಿಂತಿತ್ತು. ಕೇಸ್ ಶೀಟಿನಲ್ಲಿ ಬರೆದಿದ್ದ ಹಾಗೆಯೇ ಇತ್ತು. ಮಾಮಿಗೆ ಕಚಗುಳಿಯಾಗಲಿಲ್ಲ, ಅವರು ನಗಲಿಲ್ಲ.

“ಎಂತ?” ಎಂದರು.

“ಮಾಮಿ, ಕಿಡ್ನಿಯದ್ದು ಪರೀಕ್ಷೆ ಮಾಡಿಸಬೇಕು. ನಾಳೆಯೇ ಮಂಗಳೂರಿಗೆ ಹೋಗುವ. ನಾನೂ ಬರ್ತೇನೆ.”

“ಪುನಃ ಮಂಗ್ಳೂರಾ?” ಮಾಮಿಗೆ ನಿಜವಾಗಿಯೂ ಬೇಸರವಾಯಿತು. “ಈಗಷ್ಟೇ ಹೇಳಿದೆನಲ್ಲ. ನೀನು ಸಾಕು ನನಗೆ.”

“ಸಾಲದು ಮಾಮಿ,” ಎಂದೆ. “ನಾನು ಎಂಬಿಬಿಎಸ್ ಮಾತ್ರ.”